ಇವತ್ತಿನ ಕೃಪೆ ಇವತ್ತಿಗೆ

ಬೆಳಿಗ್ಗೆ ಫೋನ್ ಹಿಡಿಯುವ ಮುಂಚೆ ಐದು ನಿಮಿಷ ಸುಮ್ನೆ ಕೂತು, ಇವತ್ತು ಭಾರ ಅನಿಸುವ ಒಂದು ವಿಷಯವನ್ನು ದೇವರಿಗೆ ಹೇಳಿ. ಒಂದೇ. ನಾಳೆಯದ್ದು ಬೇಡ.

ಬೈಬಲಿನ ವಿಮೋಚನಕಾಂಡ 16ರಲ್ಲಿ, ಅರಣ್ಯದಲ್ಲಿ ದೇವರು ಕೊಟ್ಟ ಆಹಾರವಾದ ಮನ್ನವನ್ನು ಇಸ್ರಾಯೇಲ್ಯರು ಆಯಾ ದಿನಕ್ಕೆ ಬೇಕಾದಷ್ಟೇ ಕೂಡಿಸಬೇಕಿತ್ತು. ಮರುದಿನಕ್ಕೆ ಉಳಿಸಿಕೊಂಡದ್ದು ಹುಳ ಬಿದ್ದು ನಾರಿತು. (ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಹಿಂದಿನ ದಿನ ಮಾತ್ರ ಎರಡರಷ್ಟು.) ಕೃಪೆಯೂ ಹಾಗೇ ಅಲ್ವಾ? ಮುಂದಿನ ವರ್ಷದ ಚಿಂತೆಗೆ ಇವತ್ತೇ ಬಲ ಸಿಗಲಿಲ್ಲ ಅಂತ ನಾನು ತುಂಬಾ ದಿನ ಒದ್ದಾಡಿದ್ದೇನೆ.

ರಾತ್ರಿ ಮಲಗುವಾಗ, ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಅನ್ನುವ 1 ಯೋಹಾನ 1:9 ನೆನೆದು, ಎಡವಿದ್ದನ್ನು ಒಪ್ಪಿಕೊಂಡುಬಿಡಿ.

ಒಂದು ದಿನ ಪ್ರಾರ್ಥನೆ ತಪ್ಪಿದರೆ ಮರುದಿನ ಜಾಸ್ತಿ ಮಾಡಿ ಸಾಲ ತೀರಿಸಲು ಹೋಗಬೇಡಿ. ರಕ್ಷಣೆ ದೇವರ ವರ ಅಂತ ಎಫೆಸ 2:8 ಹೇಳುತ್ತದೆ, ಸಂಬಳ ಅಂತಲ್ಲ. ಮತ್ತೆ ಅದೇ ಐದು ನಿಮಿಷಕ್ಕೆ ಕೂತರೆ ಆಯಿತು.