ಸಂಘದ ಪಟ್ಟಿಗೆ ಫೈಲ್ ಸಾಕೇ, ಡೇಟಾಬೇಸ್ ಬೇಕೇ?

ಮುಂಬೈಯ ಎಷ್ಟೋ ಕನ್ನಡ ಸಂಘಗಳ ಸದಸ್ಯರ ಪಟ್ಟಿ ಎಕ್ಸೆಲ್‌ನಲ್ಲೋ ಸಿಎಸ್‌ವಿ (ಅಂಕಣಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಪಠ್ಯದ) ಫೈಲ್‌ನಲ್ಲೋ ಇರುತ್ತದೆ. ಅದನ್ನು ಡೇಟಾಬೇಸ್‌ಗೆ, ಅಂದರೆ ಮಾಹಿತಿಯನ್ನು ಒಂದಕ್ಕೊಂದು ಜೋಡಿಸಿದ ಕೋಷ್ಟಕಗಳಲ್ಲಿಡುವ ವ್ಯವಸ್ಥೆಗೆ, ಹಾಕಬೇಕೇ ಎಂದು ಯೋಚಿಸುವಾಗ ಹೆಸರು ಎಷ್ಟಿವೆ ಎಂದು ಎಣಿಸುತ್ತ ಕೂರಬೇಡಿ. ಬರೆಯುವ ಕೈಗಳು ಎಷ್ಟು ಎಂದು ಮೊದಲು ನೋಡಿ.

ಬರೆಯುವವರು ಒಬ್ಬರೇ, ಉಳಿದವರು ಸುಮ್ನೆ ನೋಡುವವರು ಎಂದಾದರೆ ಫೈಲ್ ಧಾರಾಳ ಸಾಕು. ಡೊಂಬಿವಲಿಯಲ್ಲಿ ಕಾರ್ಯದರ್ಶಿ ಒಂದು ಪ್ರತಿ, ಮಾಟುಂಗಾದಲ್ಲಿ ಖಜಾಂಚಿ ಇನ್ನೊಂದು ಪ್ರತಿ ತಿದ್ದುತ್ತಿದ್ದರೆ ಮಾತ್ರ ಕಷ್ಟ. ಯಾವುದು ಸರಿಯಾದ ಪಟ್ಟಿ ಎಂದು ಆಮೇಲೆ ಯಾರೂ ಹೇಳಲಾರರು.

ಎರಡನೆಯದಾಗಿ, ಒಂದೇ ವಿಷಯ ಎಷ್ಟು ಕಡೆ ಬರೆದಿದೆ ನೋಡಿ. ಸದಸ್ಯರೊಬ್ಬರು ಥಾಣೆಗೆ ಮನೆ ಬದಲಿಸಿದರು ಅಂದುಕೊಳ್ಳಿ. ಚಂದಾ ಫೈಲ್, ಲೈಬ್ರರಿ ಫೈಲ್, ಆಮಂತ್ರಣದ ಫೈಲ್, ಮೂರರಲ್ಲೂ ವಿಳಾಸ ತಿದ್ದಬೇಕು. ಒಂದನ್ನು ಮರೆಯುವುದು ಸಹಜ ಅಲ್ವಾ? ಡೇಟಾಬೇಸ್‌ನಲ್ಲಿ ವಿಳಾಸ ಒಂದೇ ಟೇಬಲ್‌ನಲ್ಲಿ (ಕೋಷ್ಟಕದಲ್ಲಿ) ಇರುತ್ತದೆ, ಉಳಿದ ಕಡೆ ಆ ಸದಸ್ಯರ ಗುರುತಿನ ಸಂಖ್ಯೆ ಮಾತ್ರ. 1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಇ. ಎಫ್. ಕಾಡ್ ಮುಂದಿಟ್ಟ ಈ ವಿಚಾರ ಇವತ್ತಿಗೂ ಗಟ್ಟಿಯಾಗಿದೆ.

ಫೈಲೇ ಸಾಕು ಎಂದಾದರೆ ಮೂರು ವಿಷಯ ಗಮನದಲ್ಲಿರಲಿ. ಸಿಎಸ್‌ವಿಯಲ್ಲಿ ಅಲ್ಪವಿರಾಮವೇ ಅಂಕಣದ ಗಡಿ. 'ಮಾಟುಂಗಾ, ಮುಂಬೈ' ಎಂಬ ವಿಳಾಸಕ್ಕೆ ಜೋಡಿ ಉದ್ಧರಣ ಚಿಹ್ನೆ ಹಾಕದಿದ್ದರೆ ಅದು ಎರಡು ಅಂಕಣವಾಗಿ, ಪಿನ್‌ಕೋಡ್ ಫೋನ್ ನಂಬರಿನ ಜಾಗಕ್ಕೆ ಹೋಗಿ ಕೂರುತ್ತದೆ. ಆ ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ 022ರಿಂದ ಶುರುವಾಗುವ ನಂಬರಿನ ಸೊನ್ನೆ ಹಾರಿಹೋಗುತ್ತದೆ. ಆ ಅಂಕಣವನ್ನು 'ಟೆಕ್ಸ್ಟ್' ಎಂದು ಆರಿಸಿ ಇಂಪೋರ್ಟ್ ಮಾಡಿ. ಕನ್ನಡ ಹೆಸರುಗಳಿದ್ದರೆ ಅಕ್ಷರಗಳು ಕೆಡದಂತೆ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲೇ ಸೇವ್ ಮಾಡಿ.

ಎಕ್ಸೆಲ್‌ನ ಹಳೆಯ ಬಗೆಯಾದ ಎಕ್ಸ್‌ಎಲ್‌ಎಸ್ ಫೈಲ್‌ಗೆ 65,536 ಸಾಲುಗಳ ಮಿತಿಯಿದೆ. ಇದೇ ಕಾರಣಕ್ಕೆ 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕಕ್ಕೆ ಸೇರುವುದು ತಡವಾಯಿತು. ಸಂಘದ ಪಟ್ಟಿ ಅಷ್ಟು ಬೆಳೆಯದು, ಬಿಡಿ.

ಡೇಟಾಬೇಸ್ ಬೇಕು ಅನಿಸಿದರೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ತಂತ್ರಾಂಶದಿಂದ ಶುರುಮಾಡಿ. ದುಡ್ಡು ಕೊಡಬೇಕಿಲ್ಲ, ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲ್. ಸದಸ್ಯರಿಗೊಂದು, ಚಂದಾಕ್ಕೊಂದು ಟೇಬಲ್ ಮಾಡಿ, ಫೋನ್ ಮತ್ತು ಪಿನ್‌ಕೋಡ್ ಅಂಕಣಗಳನ್ನು ಟೆಕ್ಸ್ಟ್ ಆಗಿಡಿ. ರಸೀದಿ ಬರೆಯುವುದು, ಬಾಕಿ ಕಳೆಯುವುದು ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲವೂ ಆಗುವ, ಇಲ್ಲದಿದ್ದರೆ ಯಾವುದೂ ಆಗದ ಕಟ್ಟಿನಲ್ಲಿ) ಹಾಕಿದರೆ, ನಡುವೆ ಕರೆಂಟ್ ಹೋದರೂ ಅರ್ಧ ಲೆಕ್ಕ ಉಳಿಯುವುದಿಲ್ಲ. ನನಗೆ ಡೇಟಾಬೇಸ್ ಇಷ್ಟವಾಗುವುದೇ ಇದಕ್ಕೆ.

ಆದರೆ ಎಸ್‌ಕ್ಯೂಲೈಟ್ ಫೈಲನ್ನು ಹಂಚಿಕೊಂಡ ಫೋಲ್ಡರ್‌ನಲ್ಲಿಟ್ಟು ಇಬ್ಬರು ಮೂವರು ಒಟ್ಟಿಗೆ ಬರೆಯಬೇಡಿ, ಕೆಟ್ಟುಹೋಗಬಹುದು. ಬೇರೆ ಬೇರೆ ಮನೆಗಳಿಂದ ಬರೆಯುವುದಿದ್ದರೆ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್‌ನಂಥ, ಸರ್ವರ್‌ನಲ್ಲಿ ನಡೆಯುವ ಡೇಟಾಬೇಸ್ ಬೇಕು, ಅದನ್ನು ನೋಡಿಕೊಳ್ಳುವವರೂ ಬೇಕು. ಯಾವುದೇ ಇರಲಿ, ತಿಂಗಳಿಗೊಮ್ಮೆ ಟೇಬಲ್‌ಗಳನ್ನೆಲ್ಲ ಸಿಎಸ್‌ವಿಗೆ ಇಳಿಸಿ ಇನ್ನೊಬ್ಬ ಪದಾಧಿಕಾರಿಯ ಪೆನ್‌ಡ್ರೈವ್‌ಗೂ ಹಾಕಿಡಿ.