ಒಂದು ವಯಲ್, ಇಬ್ಬರು ರೋಗಿಗಳು

ದಾವಣಗೆರೆಯಲ್ಲಿ ನನ್ನ ಮುಂದೆ ಕೂರುವ ಬಾಯಿ ಕ್ಯಾನ್ಸರ್ ರೋಗಿಗಳ ಕತೆ ಹೆಚ್ಚುಕಮ್ಮಿ ಒಂದೇ ತರ ಶುರುವಾಗುತ್ತದೆ. "ಮೊದ್ಲು ಮಂಡಕ್ಕಿ ಮೆಣಸಿನಕಾಯಿ ತಿಂದ್ರೆ ಬಾಯಿ ಉರೀತಿತ್ರಿ ಸರ್, ಆಮೇಲೆ ಬಾಯಿ ತೆಗಿಯಾಕೇ ಆಗ್ಲಿಲ್ರಿ." ಚನ್ನಗಿರಿ, ಭೀಮಸಮುದ್ರದ ಕಡೆ ಅಡಿಕೆ ಬೆಳೆಯುವವರೂ ನಮ್ಮವರೇ, ಗುಟ್ಕಾ ಹಾಕುವವರೂ ನಮ್ಮವರೇ. ತುಂಬಾ ಜನ ಬರುವಷ್ಟರಲ್ಲಿ ತಡವಾಗಿರುತ್ತದೆ. ಆಪರೇಷನ್ ಆಗಿ, ಕರೆಂಟ್ (ರೇಡಿಯೇಷನ್) ಕೊಡಿಸಿ, ಮತ್ತೆ ಗಡ್ಡೆ ಬಂದವರಿಗೆ ಕೊಡಲು ನನ್ನ ಹತ್ತಿರ ಜಾಸ್ತಿ ಏನೂ ಇರಲಿಲ್ಲ.

ಇಮ್ಯುನೋಥೆರಪಿ, ಅಂದರೆ ನಮ್ಮದೇ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ, ಅನ್ನುವ ಹೆಸರು ಮನೆಯವರಿಗೆ ಗೊತ್ತಿರುತ್ತಿತ್ತು, ಮೊಬೈಲಿನಲ್ಲಿ ನೋಡಿರುತ್ತಿದ್ದರು. ಅಂಥದೊಂದು ಇಂಜೆಕ್ಷನ್ ನಿವೊಲುಮ್ಯಾಬ್ 2014ರಿಂದಲೇ ಅಮೆರಿಕದಲ್ಲಿ ಬಳಕೆಯಲ್ಲಿದೆ. ಈ ದಾರಿ ತೋರಿಸಿದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆದರೆ ಡೋಸ್ ಎಷ್ಟು? ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಖರ್ಚು ಹೇಳಿದ ಕೂಡಲೇ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಬ್ಬ ಹುಡುಗ "ಎರಡೆಕರೆ ಐತ್ರಿ, ಮಾರ್ತೀನಿ" ಅಂದಾಗ ನಾನೇ ಬೇಡ ಅಂದೆ. ಹೊಲವೂ ಹೋಗಿ, ಔಷಧವೂ ಅರ್ಧಕ್ಕೆ ನಿಂತು, ಅಪ್ಪನೂ ಉಳಿಯದಿದ್ದರೆ ಆ ಮನೆಯ ಗತಿ ಏನು?

2022ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರ ಅಧ್ಯಯನ ಪ್ರಕಟವಾಯಿತು. ಅದನ್ನು ಒಂದೇ ರಾತ್ರಿ ಎರಡು ಸಲ ಓದಿದೆ. ವಾಸಿಯಾಗುವ ಹಂತ ದಾಟಿದ್ದ ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ 151 ರೋಗಿಗಳು. ಎಲ್ಲರಿಗೂ ಕಡಿಮೆ ಖರ್ಚಿನ ಮೂರು ಮಾತ್ರೆ: ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ ಸೆಲೆಕಾಕ್ಸಿಬ್, ಎರ್ಲೋಟಿನಿಬ್. ಅರ್ಧ ಜನಕ್ಕೆ ಇದರ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್. ಮಾತ್ರೆ ಮಾತ್ರ ತಗೊಂಡವರಲ್ಲಿ ವರ್ಷದ ಕೊನೆಗೆ ಬದುಕಿದ್ದವರು ನೂರಕ್ಕೆ 16, ಇಂಜೆಕ್ಷನ್ ಸೇರಿದವರಲ್ಲಿ 43. ಆರು ವಾರದ ಲೆಕ್ಕ ಹಾಕಿ ನೋಡಿ, ಪೂರ್ತಿ ಡೋಸಿಗೆ 720 ಮಿಲಿಗ್ರಾಂ, ಇದಕ್ಕೆ 40. ಹದಿನೆಂಟರಲ್ಲಿ ಒಂದು ಪಾಲು!

ಇಷ್ಟು ಕಡಿಮೆ ಔಷಧ ಕೆಲಸ ಮಾಡುತ್ತಾ ಅಂತ ಎಲ್ಲರೂ ಕೇಳುತ್ತಾರೆ. ನಾನು ಕಾವಲು ನಾಯಿಯ ಉದಾಹರಣೆ ಕೊಡುತ್ತೇನೆ. ಹೊಲಕ್ಕೆ ನುಗ್ಗುವ ಕಳ್ಳ ನಾಯಿಗೆ ರೊಟ್ಟಿ ಎಸೆದು ಸುಮ್ಮನಾಗಿಸುತ್ತಾನಲ್ವಾ, ಕ್ಯಾನ್ಸರ್ ಕಣವೂ ಹಾಗೆಯೇ ರೋಗದ ವಿರುದ್ಧ ಕಾವಲು ಕಾಯುವ ನಮ್ಮ ಟಿ ಕಣದ ಮೇಲಿರುವ ಪಿಡಿ-1 ಎಂಬ ಸ್ವಿಚ್ ಅನ್ನು ಹಿಡಿದು ಅದನ್ನು ಮಲಗಿಸುತ್ತದೆ. ಆ ರೊಟ್ಟಿ ನಾಯಿಗೆ ಮುಟ್ಟದ ಹಾಗೆ ತಡೆಯುವುದಷ್ಟೇ ಈ ಔಷಧದ ಕೆಲಸ. ಕಣದ ಮೇಲಿನ ಪಿಡಿ-1 ಬಹುಪಾಲು ಮುಚ್ಚಿಕೊಂಡ ಮೇಲೆ ಮತ್ತಷ್ಟು ಔಷಧ ಸುರಿದರೂ ಮುಚ್ಚಲು ಹೆಚ್ಚೇನೂ ಉಳಿದಿರುವುದಿಲ್ಲ. ಇಷ್ಟು ಹೇಳಿದರೆ ಹಳ್ಳಿಯ ಅಜ್ಜನಿಗೂ ತಿಳಿಯುತ್ತದೆ.

ನಿಜವಾದ ತೊಡಕು ಬಂದದ್ದು ವಯಲ್‌ನಲ್ಲಿ, ಅಂದರೆ ಔಷಧದ ಪುಟ್ಟ ಬಾಟಲಿಯಲ್ಲಿ. ಸಿಗುವ ಸಣ್ಣ ವಯಲ್ 40 ಮಿಲಿಗ್ರಾಂನದು, ಅಂದರೆ 4 ಎಂಎಲ್. ನನಗೆ ಬೇಕಾದದ್ದು 2 ಎಂಎಲ್. ಅದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇರುವುದಿಲ್ಲ, ಹಾಗಾಗಿ ಒಮ್ಮೆ ಸೂಜಿ ಚುಚ್ಚಿದ ಮೇಲೆ ಉಳಿದದ್ದನ್ನು ಮುಂದಿನ ವಾರಕ್ಕೆ ಇಡುವಂತಿಲ್ಲ. ಚೆಲ್ಲಿದರೆ ಒಬ್ಬ ಬಡವನ ಡೋಸ್ ಚೆಲ್ಲಿದ ಹಾಗೆ. ಅದಕ್ಕೇ ಜೋಡಿ ಮಾಡಲು ಶುರು ಮಾಡಿದೆ. ಹರಿಹರದವರೊಬ್ಬರು, ಜಗಳೂರಿನವರೊಬ್ಬರು, ಇಬ್ಬರಿಗೂ ಒಂದೇ ಮಂಗಳವಾರ. ಇಬ್ಬರೂ ಬಂದು, ರಕ್ತದ ರಿಪೋರ್ಟ್ ಸರಿ ಇದೆ ಅಂತ ನಾನು ಸಹಿ ಹಾಕುವವರೆಗೆ ವಯಲ್ ಫ್ರಿಜ್ಜಿನಿಂದ ಹೊರಗೆ ಬರುವುದಿಲ್ಲ. ಸಿಸ್ಟರ್ ಅದನ್ನು ಅಲುಗಾಡಿಸದೆ, ನೊರೆ ಬರದ ಹಾಗೆ ನಿಧಾನಕ್ಕೆ ಓರೆ ಮಾಡಿ ಒಂದೇ ಹೊತ್ತಿಗೆ ಎರಡು ಸಿರಿಂಜಿಗೆ ಎಳೆಯುತ್ತಾರೆ. ಎರಡಕ್ಕೂ ಹೆಸರು ಅಂಟಿಸುತ್ತಾರೆ, ಇನ್ನೊಬ್ಬ ಸಿಸ್ಟರ್ ಗಟ್ಟಿಯಾಗಿ ಓದಿ ತಾಳೆ ನೋಡುತ್ತಾರೆ. ಆಮೇಲೆ ಸಲೈನ್‌ನಲ್ಲಿ ಬೆರೆಸಿ, ಫಿಲ್ಟರ್ ಹಾಕಿ, ಅರ್ಧ ಗಂಟೆಯ ಡ್ರಿಪ್.

ಒಂದು ವಿಷಯದಲ್ಲಿ ನಾನು ಎಡವಿದೆ. ಒಬ್ಬ ರೋಗಿಗೆ ದಿನಕ್ಕೆ ಏಳೆಂಟು ಸಲ ಭೇದಿ. ಎರ್ಲೋಟಿನಿಬ್‌ನಿಂದಲೂ ಭೇದಿ ಆಗುತ್ತದೆ, ಹಾಗಾಗಿ ಅದೇ ಇರಬೇಕು ಅಂತ ಫೋನಿನಲ್ಲೇ ಆ ಮಾತ್ರೆ ನಿಲ್ಲಿಸಲು ಹೇಳಿದೆ. ಮನೆಯವರು ಊರಿನ ಮೆಡಿಕಲ್ ಶಾಪಿನಲ್ಲಿ ಭೇದಿ ನಿಲ್ಲುವ ಗುಳಿಗೆ ತಂದು ನುಂಗಿಸಿದರು. ನಾಲ್ಕು ದಿನ ಕಳೆದು ಅವರನ್ನು ಕರೆತಂದಾಗ ಕಣ್ಣು ಒಳಗೆ ಹೋಗಿದ್ದವು, ಮಲದಲ್ಲಿ ರಕ್ತ ಇತ್ತು. ಎಚ್ಚೆತ್ತ ನಾಯಿ ಮನೆಯವರಿಗೂ ಕಚ್ಚಬಹುದು, ಕರುಳಿಗೆ ಕಚ್ಚಿತ್ತು. ನಿವೊಲುಮ್ಯಾಬ್ ನಿಲ್ಲಿಸಿ, ಸ್ಟೆರಾಯ್ಡ್ ಕೊಟ್ಟ ಮೇಲೆ ಹಿಡಿತಕ್ಕೆ ಬಂತು. ಡೋಸ್ ಸಣ್ಣದು ಅಂದಮಾತ್ರಕ್ಕೆ ತೊಂದರೆ ಬರುವುದೇ ಇಲ್ಲ ಅಂತ ಅಲ್ಲ. ಆ ನಾಲ್ಕು ದಿನ ನನ್ನ ತಪ್ಪು, ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಅವತ್ತಿನಿಂದ ಪ್ರತಿ ರೋಗಿಯ ಜೇಬಿನಲ್ಲಿ ಒಂದು ಹಳದಿ ಚೀಟಿ ಇರುತ್ತದೆ. "ಈ ಇಂಜೆಕ್ಷನ್ ಕೀಮೋ ಅಲ್ಲ. ಭೇದಿ, ಒಣ ಕೆಮ್ಮು, ಉಬ್ಬಸ, ಮೈಮೇಲೆ ಗುಳ್ಳೆ, ಕಣ್ಣು ಹಳದಿ, ಯಾವುದು ಬಂದರೂ ಅವತ್ತೇ ಫೋನ್ ಮಾಡಿ." ಊರಿನ ಡಾಕ್ಟರಿಗೂ ಅದನ್ನೇ ತೋರಿಸಲು ಹೇಳುತ್ತೇನೆ. ಥೈರಾಯ್ಡ್ ಪರೀಕ್ಷೆ ಮಾತ್ರ ಬಿಡುವ ಹಾಗಿಲ್ಲ, ಏಕೆಂದರೆ ಈ ಔಷಧದಿಂದ ಥೈರಾಯ್ಡ್ ಕೆಟ್ಟರೆ ಸುಸ್ತಾಗುತ್ತದೆ, ಆದರೆ ಸುಸ್ತು ಅಂದರೆ ನಮ್ಮ ಕಡೆ ಎಲ್ಲರೂ ಬಿಸಿಲಿಗೆ ಅಂದುಕೊಂಡು ಸುಮ್ನೆ ಇದ್ದುಬಿಡುತ್ತಾರೆ.

ಎಲ್ಲರಿಗೂ ಇದು ಹಿಡಿಯುವುದಿಲ್ಲ. ನೂರಕ್ಕೆ 43 ಅಂದರೆ ಉಳಿದ 57 ಮನೆಗಳೂ ಇವೆ, ಅದನ್ನು ಮೊದಲ ದಿನವೇ ಹೇಳುತ್ತೇನೆ. ಆದರೆ ಹೊಳಲ್ಕೆರೆ ಕಡೆಯ ಒಬ್ಬ ಅಜ್ಜಿ, ಎಲೆ ಅಡಿಕೆ ಹಾಕಿ ಹಾಕಿ ಕೆನ್ನೆ ತೂತಾಗಿದ್ದವರು, ಮೂಗಿನ ನಳಿಕೆಯಲ್ಲೇ ಗಂಜಿ ಕುಡಿಯುತ್ತಿದ್ದರು. ನಾಲ್ಕನೇ ಡೋಸಿನ ಹೊತ್ತಿಗೆ ಹುಣ್ಣು ಒಣಗಿ, ನನ್ನ ಎದುರಿಗೇ ಲೋಟ ಎತ್ತಿ ರಾಗಿ ಗಂಜಿ ಕುಡಿದರು. ಕೆನ್ನೆಯಿಂದ ಒಂದು ಹನಿ ಸೋರಲಿಲ್ಲ. ಮಗಳು ಸೆರಗಿನ ತುದಿಯಿಂದ ಸುಮ್ಮನೆ ಅವರ ಗಲ್ಲ ಒರೆಸುತ್ತಲೇ ಇದ್ದಳು.

ನಾಳೆಯ ಪಟ್ಟಿಯಲ್ಲಿ ಐದು ಹೆಸರು, ಒಬ್ಬರಿಗೆ ಜೋಡಿ ಇಲ್ಲ. ಹೊನ್ನಾಳಿಯವರ ದಿನ ಗುರುವಾರ ಇತ್ತು. ಎರಡು ದಿನ ಮೊದಲೇ ಬರ್ತೀರಾ ಯಜಮಾನ್ರೇ ಅಂತ ಈಗಷ್ಟೇ ಫೋನ್ ಮಾಡಿ ಕೇಳಿದೆ. ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತಾರಂತೆ.