ಕೌಂಟರಿನ ಹಿಂದೆ ಕಲಿಸಿದ ಪ್ರಥಮ ಚಿಕಿತ್ಸೆ: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಮೆಡಿಕಲ್ ಶಾಪ್‌ನವರಾದ ನಮ್ಮಲ್ಲಿ, ಗಾಯಾಳುವನ್ನು ಮುಟ್ಟಿದರೆ ನಾಳೆ ತಕರಾರು ಬಂದೀತು ಎಂದು ಹಿಂಜರಿಯುವವರೇ ಹೆಚ್ಚು. ಹೀಗಾಗಿ ಅಂಗಡಿ ಹುಡುಗರಿಗೆ ಪ್ರಥಮ ಚಿಕಿತ್ಸೆ ಕಲಿಸುತ್ತೇನೆಂದಾಗ ವ್ಯಾಪಾರಿ ಮಿತ್ರರು ನಕ್ಕರು.

ಮೊದಲ ವರ್ಷ ಶಿವಮೊಗ್ಗದಿಂದ ತರಬೇತುದಾರರನ್ನು ಕರೆಸಿ, ಸಭಾಂಗಣದ ಬಾಡಿಗೆ, ಊಟ, ಪ್ರೊಜೆಕ್ಟರ್ ಎಂದು ಸುಮಾರು ಇಪ್ಪತ್ತು ಸಾವಿರ ಸುರಿದೆವು. ಪ್ರಮಾಣಪತ್ರಗಳು ಗೋಡೆಯೇರಿದವು, ತಿಂಗಳೊಪ್ಪತ್ತಿನಲ್ಲಿ, ಹೃದಯ ನಿಂತವರಿಗೆ ಎಲ್ಲಿ ಒತ್ತಬೇಕೆಂದು ಕೇಳಿದರೆ ಅರ್ಧದಷ್ಟು ಜನ ಹೊಟ್ಟೆಯ ಮೇಲೆ ಕೈಯಿಟ್ಟರು. ಮರುವರ್ಷ ಅಚ್ಚು ಹಾಕಿಸಿದ ಕರಪತ್ರಗಳು ಮಾತ್ರೆ ಕಟ್ಟಿಕೊಡಲು ಉಪಯೋಗವಾದವು.

ಕೊನೆಗೆ ಕೈಹಿಡಿದದ್ದು ಮಧ್ಯಾಹ್ನ ಗಿರಾಕಿಗಳಿಲ್ಲದ ಹದಿನೈದು ನಿಮಿಷ. ವಾರಕ್ಕೆ ಒಂದೇ ವಿಷಯವನ್ನು, ಅವರವರ ಕೌಂಟರಿನ ಹಿಂದೆಯೇ, ಕೈಗೆ ಸಿಗುವ ಸಾಮಾನಿನಿಂದಲೇ ಮಾಡಿಸಿದೆ. ಎದೆ ಒತ್ತುವ ಗೊಂಬೆಯ ಬೆಲೆ ಕೇಳಿ ಸುಮ್ಮನಾದವನು, ಹಳೆಯ ದಿಂಬಿನೊಳಗೆ ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿಯನ್ನಿಟ್ಟು ಹೊಲಿಸಿದೆ. ಅದರೊಂದಿಗೆ ಇನ್ನೊಂದು ವಸ್ತುವೂ ಇದೆ. ಐದಾರು ಸೆಂಟಿಮೀಟರ್ ಆಳದ ಅಂದಾಜು ಅದರಿಂದಲೇ ಸಿಗುತ್ತದೆ, ಆದರೆ ಅಂಗಡಿಗೆ ಬಂದವರಿಗಷ್ಟೇ ಅದನ್ನು ತೋರಿಸುತ್ತೇನೆ. ನಿಮಿಷಕ್ಕೆ 100ರಿಂದ 120ರ ವೇಗ ಮಾತ್ರ ಬಹಳ ಕಾಡಿತು. ಹನ್ನೊಂದು ದಾಟಿದೊಡನೆ ಎಣಿಕೆ ಉದ್ದವಾಗಿ ಕೈಯೂ ನಿಧಾನವಾಗುತ್ತಿತ್ತು. ಹತ್ತರವರೆಗೆ ಮೂರು ಸಲ ಎಣಿಸಲು ಹೇಳಿದ ಮೇಲೆ ಲಯ ಕೂಡಿತು. ಮಳೆಗಾಲದಲ್ಲಿ ಕರೆಂಟು ಹೋದಾಗ ಕತ್ತಲೆಯಲ್ಲೂ ಮಾಡಿಸಿ ನೋಡಿದ್ದೇನೆ, ವೇಗ ತಪ್ಪಲಿಲ್ಲ.

ಹಾವು ಕಚ್ಚಿದವರ ವಿಷಯದಲ್ಲಿ ಕಲಿಸುವುದಕ್ಕಿಂತ ಬಿಡಿಸುವುದೇ ಹೆಚ್ಚಿತ್ತು: ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಕೈಕಾಲು ಅಲುಗದಂತೆ ಪಟ್ಟಿ ಕಟ್ಟಿ 108ಕ್ಕೆ ಕರೆ ಮಾಡಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲಗಳಿಗೆಂದು ತಯಾರಾದದ್ದು. ಆಗುಂಬೆಯ ಕಾಳಿಂಗ ಆ ಪಟ್ಟಿಯಲ್ಲಿಲ್ಲ ಎಂದಾಗ ಹುಡುಗರು ಬೆಚ್ಚಿದರು.

ಫಲ ಕಂಡದ್ದು ಅಡಿಕೆಗೆ ಕೊಳೆರೋಗದ ಔಷಧ ಹೊಡೆಯುವ ಕಾಲದಲ್ಲಿ. ಬೋರ್ಡೋ ದ್ರಾವಣಕ್ಕೆ ಸುಣ್ಣ ಕಲಸುವಾಗ ಕಣ್ಣಿಗೆ ಸಿಡಿಸಿಕೊಂಡ ಕೂಲಿಯವರೊಬ್ಬರು ಕಣ್ಣಿನ ಹನಿ ಕೇಳಿಕೊಂಡು ಬಂದರು. ಹಿಂದಾಗಿದ್ದರೆ ಹನಿ ಕೊಟ್ಟು ದುಡ್ಡು ಎಣಿಸಿಕೊಳ್ಳುತ್ತಿದ್ದರು. ನಮ್ಮ ಹುಡುಗಿಯು ಹನಿಯ ಬಾಟಲಿಯನ್ನು ಮುಟ್ಟದೆ, ಅವರನ್ನು ನಲ್ಲಿಯ ಬಳಿ ಬಗ್ಗಿಸಿ, ನೀರು ಇನ್ನೊಂದು ಕಣ್ಣಿಗೆ ಹರಿಯದಂತೆ ಉರಿಯುವ ಕಣ್ಣನ್ನು ಕೆಳಗಾಗಿಸಿ, ರೆಪ್ಪೆ ಬಿಡಿಸಿ ಹಿಡಿದು, ಇಪ್ಪತ್ತು ನಿಮಿಷ ಬಿಡದೆ ತೊಳೆದು, ಬಳಿಕ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿದಳು. ಅವರ ದೃಷ್ಟಿ ಉಳಿಯಿತು.

ಈಗ ಒಂದು ಅಂಗಡಿಗೆ ವರ್ಷಕ್ಕೆ ಪಟ್ಟಿ, ಗಾಯಕ್ಕಿಡುವ ಗಾಜ್ ಬಟ್ಟೆ, ಕೈಗವಸುಗಳಿಗೆ ಏಳೆಂಟು ನೂರು ರೂಪಾಯಿ ತಗಲುತ್ತದೆ. ಹುಡುಗರು ಕೆಲಸ ಬಿಟ್ಟು ಬೆಂಗಳೂರಿಗೆ ಹೋಗುವುದರಿಂದ ಪಾಠವನ್ನು ಪ್ರತಿ ಮುಂಗಾರಿಗೂ ಮೊದಲಿನಿಂದ ಆರಂಭಿಸಬೇಕು. ನಕ್ಕವರಲ್ಲಿ ಮೂವರು ತಮ್ಮ ಹುಡುಗರನ್ನೂ ಈಗ ಕಳುಹಿಸುತ್ತಿದ್ದಾರೆ. ಚಹಾದ ಖರ್ಚು ಅವರದೇ ಎಂದು ಮೊದಲೇ ಒಪ್ಪಿಸಿದ್ದೇನೆ.